ಮೂರನೆಯ ತೂತು

ಚಾಮರಾಜಪೇಟೆ ಐದನೇ ಮೇನು, ಮಹಡಿ ಮನೆ.
ಗೋಡೆಯ ಸ್ವಿಚ್ಚುಗಳು ಕರಿಯವು, ಗುಂಡಗಿನವು,
ಟಕ್ ಅಂದರೆ ಬೀದಿಗೆ ಕೇಳುವಂಥವು.
ಪ್ಲಗ್ಗಿಗೆ ಎರಡೇ ತೂತು. ಒಂದು ಕಡೆ ಮಾತ್ರ
ಯಾರೋ ಹಿಂದಿನ ಬಾಡಿಗೆಯವರು ಮೂರರದ್ದು ಹಾಕಿಸಿದ್ದಾರೆ,
ಮೇಲಿನ ದಪ್ಪ ತೂತಿನ ಹಿಂದೆ
ಬರೀ ಗಾರೆ, ಒಂದು ಜಿರಲೆ ಮೊಟ್ಟೆ.

ಅಲ್ಲೇ ನನ್ನ ಕಂಪ್ಯೂಟರು.
ಲಗ್ನಪತ್ರಿಕೆ, ನಾಮಕರಣ, ಹನ್ನೊಂದನೇ ದಿನದ ಕಾರ್ಡು,
ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಪುಟಕ್ಕಿಷ್ಟು ಅಂತ
ಅಕ್ಷರ ಕೂರಿಸುವುದು ನನ್ನ ಕಸುಬು.
ಮೊಣಕೈ ಡಬ್ಬಿಗೆ ತಾಗಿದರೆ ಜುಮ್.
ನೋವಲ್ಲ. ಯಾರೋ ತೋಳಿನ ಕೂದಲ ತುದಿಗಷ್ಟೇ
ಬೆರಳಾಡಿಸಿದ ಹಾಗೆ.
ಮಳೆಗಾಲದ ಥಂಡಿ ನೆಲಕ್ಕೆ ಬರಿಗಾಲು ಊರಿದ್ದರೆ
ಸ್ವಲ್ಪ ಜಾಸ್ತಿ ಸಲಿಗೆ.

"ಚಪ್ಪಲಿ ಹಾಕ್ಕೊಂಡು ಕೂತ್ಕೋ" ಅಂದಳು ಪ್ರೆಸ್ಸಿನ ಶಾಹೀನಾ.
"ಒಳಗೆ ಚಪ್ಪಲಿಯೇ?" ಅಂದರು ನಮ್ಮತ್ತೆ,
ಅಟ್ಟದಿಂದ ಹಸೆಮಣೆ ಇಳಿಸಿ ಕಾಲ ಕೆಳಗೆ ತಳ್ಳಿದರು.
ಹತ್ತೊಂಬತ್ತು ವರ್ಷದ ಹಿಂದೆ ಅದೇ ಮಣೆಯ ಮೇಲೆ
ಅರಿಶಿನದ ಕಾಲಿಟ್ಟು ಕೂತಿದ್ದೆ.
ಈಗ ಊರವರ ಮದುವೆಗಳನ್ನು ಟೈಪು ಮಾಡುತ್ತೇನೆ
ಶಾಕ್ ಹೊಡೆಯದ ಹಾಗೆ.

ಆದರೂ ಹೊಡೆಯಿತು. ಕಾಲು ಜಾರಿತ್ತೋ, ನಿದ್ದೆಯೋ,
ಮಾಘದ ಮುಹೂರ್ತಗಳ ಹೊತ್ತು, ರಾತ್ರಿ ಹನ್ನೆರಡೂವರೆ,
ಬೆರಳು ಹಾರಿ ಒಂದಕ್ಷರ ಬೇರೆ ಬಿತ್ತು.
ಮುನ್ನೂರೈವತ್ತು ಕಾರ್ಡು, ಚಿನ್ನದ ಬಣ್ಣದಲ್ಲಿ,
ಶುಭ ವಿವಾದ.
ಹುಡುಗಿಯ ಸೋದರಮಾವ ಮೊದಲು ನಕ್ಕರು,
ಆಮೇಲೆ ದುಡ್ಡು ವಾಪಸು ಕೇಳಿದರು.

ಅಂತೋಣಪ್ಪ ಬಂದ. ಟೆಸ್ಟರನ್ನು ಡಬ್ಬಿಯ ಮೈಗೆ ಮುಟ್ಟಿಸಿದ,
ಅದರ ಹೊಟ್ಟೆಯಲ್ಲೊಂದು ಕಿತ್ತಳೆ ಕಿಡಿ ಕಣ್ಣುಬಿಟ್ಟಿತು.
"ಈ ಮನೆಗೆ ಅರ್ತೇ ಇಲ್ಲ ಮೇಡಂ."
ಅರ್ಥವೇ ಇಲ್ಲವೆಂದು ಕೇಳಿಸಿ
ಅತ್ತೆ ಒಳಗಿಂದ ಜಗಳಕ್ಕೆ ಬಂದರು.
ಅವನು ತಿಳಿಸಿ ಹೇಳಿದ, ಬಚ್ಚಲಿಗೆ ಇದ್ದ ಹಾಗೆ
ಇದಕ್ಕೂ ಒಂದು ದಾರಿ ಬೇಕಮ್ಮ,
ದಾರಿ ಇಲ್ಲದ್ದು ತಗಡಿನ ಮೇಲೇ ಕೂತಿರುತ್ತೆ
ಯಾರಾದರೂ ಮುಟ್ಟಲಿ ಅಂತ.
ಯುಪಿಎಸ್ಸಿನ ಕೆಂಪು ದೀಪ ಮೂರು ವರ್ಷದಿಂದ
ಇದನ್ನೇ ಹೇಳುತ್ತಿತ್ತಂತೆ.
ಕಣ್ಣಿಗೆ ಚುಚ್ಚುತ್ತದೆಂದು ನಾನು ಅದರ ಮೇಲೆ
ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದೆ.

ಸರಿ, ಭೂಮಿ ಎಲ್ಲಿ?
ಕೆಳಗಿಳಿದು ಹುಡುಕಿದೆವು. ಮುಂದೆ ಗ್ರಾನೈಟು,
ಹಿತ್ತಿಲಲ್ಲಿ ಸಿಮೆಂಟು, ಪಕ್ಕದಲ್ಲಿ ಟೈಲ್ಸು,
ತುಳಸಿಯೂ ಪೇಂಟಿನ ಡಬ್ಬದಲ್ಲಿ.
ಮಣ್ಣು ಅಂತ ಇದ್ದದ್ದು
ಕಾಂಪೌಂಡಿಗೂ ಮೋರಿಗೂ ನಡುವೆ,
ಗಾರೆಯವನು ಊಟಕ್ಕೆದ್ದು ಮರೆತಂಥ
ಒಂದೂವರೆ ಅಡಿ.

ಮನೆಯೊಡತಿ ವಕುಳಮ್ಮ ಸೊಂಟಕ್ಕೆ ಕೈಯಿಟ್ಟು ಬಂದರು.
ಅಗೆಯಕೂಡದು, ಕರಾರಿನಲ್ಲಿಲ್ಲ.
ಕಿಡಿ ತೋರಿಸಿದ ಮೇಲೆ ಸುಮ್ಮನಾದರು, ಬಹಳ ಹೊತ್ತು.
"ನಮ್ಮ ಫ್ರಿಜ್ಜೂ ಹೀಗೇ ಜುಮ್ ಅನ್ನುತ್ತಲ್ಲೇ,
ವಾಯು ಅಂದ್ಕೊಂಡು ಆರು ವರ್ಷದಿಂದ
ಕೈಗೆ ಎಣ್ಣೆ ತಿಕ್ಕುತಾ ಇದ್ದೀನಿ."

ಹಾರೆ ಇಳಿಯಿತು. ಹೆಂಚಿನ ಚೂರು, ಹಾಲಿನ ಕವರು,
ಒಂದು ಹಸಿರು ಗೋಲಿ, ಆಮೇಲೆ
ಹಠಾತ್ತನೆ ಕೆಂಪು. ತೇವದ ಕೆಂಪು.
ಇಷ್ಟು ವರ್ಷ ಇದರ ಮೇಲೇ ಇದ್ದೆವಲ್ಲ.
ಇಸ್ತ್ರಿ ಗಾಡಿಯ ಕದಿರೇಶ ಅರ್ಧ ಮೂಟೆ ಇದ್ದಿಲು ಕೊಟ್ಟ,
ಅತ್ತೆ ಕಲ್ಲುಪ್ಪು ತಂದು, ಹಬ್ಬದ ಸಾರಿಗೆ ಹಾಕುವಂತೆ,
ಅಂದಾಜಿನಲ್ಲಿ ಸುರಿದರು.
ಹಸಿರು ತಂತಿ ಪೈಪು ಹಿಡಿದು ಮಹಡಿ ಹತ್ತಿತು,
ಅದರದೊಂದು ಕವಲು ವಕುಳಮ್ಮನ ಅಡುಗೆಮನೆಗೆ.

ರಾತ್ರಿ ಡಬ್ಬಿಗೆ ಅಂಗೈ ಒತ್ತಿದೆ.
ಏನೂ ಇಲ್ಲ. ತಗಡು ತಗಡಾಗಿತ್ತು.
ಮಣೆ ಮಾತ್ರ ಕಾಲ ಕೆಳಗೇ ಇದೆ,
ತೆಗೆಯಲು ಮನಸ್ಸು ಬರಲಿಲ್ಲ.

ಬೇಸಿಗೆಯಲ್ಲಿ ವಾರಕ್ಕೊಂದು ಬಿಂದಿಗೆ ಹಾಕಿ ಅಂದಿದ್ದಾನೆ.
ಮೊನ್ನೆ ಸುರಿಯುತ್ತಿದ್ದೆ, ಹಾಲಿನ ಹುಡುಗ ಸೈಕಲ್ ನಿಲ್ಲಿಸಿದ,
"ಏನೂ ಕಾಣಿಸ್ತಿಲ್ಲ ಆಂಟಿ, ಯಾವ ಬೀಜ ಹಾಕಿದ್ದೀರ?"
ಏನು ಹೇಳಲೆಂದು ಯೋಚಿಸುತ್ತಾ ನಿಂತೆ.
ಕಾವೇರಿ ನೀರು
ಗುಳುಗುಳು ಇಳಿಯುತ್ತಿತ್ತು.